ಅಃ ತನಕ ಬಂದ ಕಾಲು

ಹೋದ ತಿಂಗಳು ಸಿಂಧನೂರಿನಲ್ಲಿ ಆಟದ ಅಕ್ಕೋರ ನಿವೃತ್ತಿಯ ಬೀಳ್ಕೊಡುಗೆ ಇತ್ತು. ನಿಮ್ಮ ಅವ್ವ, ನನ್ನ ಮಗಳು, ನನ್ನನ್ನೂ ಕರೆದುಕೊಂಡು ಹೋಗಿದ್ದಳು. ನಾನು ಹಿಂದಿನ ಸಾಲಿನಲ್ಲಿ ಗೋಡೆಯ ಪಕ್ಕ ಕುಳಿತಿದ್ದೆ. ಅಷ್ಟರಲ್ಲಿ ಯಾರೋ ಮೈಕಿನಲ್ಲಿ, "ತುರ್ವಿಹಾಳದಾಗ ಅಕ್ಕೋರು ಯಾರ ಮನ್ಯಾಗ ಇದ್ದರೋ ಆ ಅಮ್ಮ ಬಂದಾರ, ನಾಕು ಮಾತು ಹೇಳಬೇಕು" ಅಂದುಬಿಟ್ಟರು. ವೇದಿಕೆ ಹತ್ತಿದೆ. ಮೈಕು ನೋಡಿದೆ, ಜನರನ್ನು ನೋಡಿದೆ. "ಅಕ್ಕೋರು ಭಾಳ ಛಲೋ ಅದಾರ್ರಿ" ಅಂದವಳೇ ಸೆರಗು ಬಾಯಿಗೆ ಹಿಡಿದುಕೊಂಡು ಇಳಿದು ಬಂದೆ.

ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬಾಯಿಂದ ಬಾರದ್ದು ಕೈಯಿಂದಾದರೂ ಬರುತ್ತದೇನೋ ಎಂದು ನಿಮ್ಮದೇ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ನಾನು ಮುಕ್ಕುಂದದ ಶಾಲೆಯಲ್ಲಿ ಏಳನೆಯ ತರಗತಿ ತನಕ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಕ್ಕೋರು ಲಿಂಗಸುಗೂರಿನ ಕಡೆಯವರು. ತುರ್ವಿಹಾಳದ ಹೈಸ್ಕೂಲಿಗೆ ಆಟ ಕಲಿಸಲು ಬಂದಾಗ ಅವರಿಗೆ ನಲವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ನಮ್ಮ ಮನೆಯ ಮುಂದಿನ ಖೋಲಿ ಬಾಡಿಗೆಗೆ ಕೇಳಿದರು. ನನ್ನ ಯಜಮಾನರು, ನಿಮ್ಮ ಮುತ್ಯಾ, ತೀರಿಕೊಂಡು ಆಗ ಆರು ವರ್ಷ. ನಾನು ನಾಟಿ, ಕಳೆ ಎಂದು ಗದ್ದೆಯ ಕೆಲಸಕ್ಕೆ ಹೋಗುತ್ತಿದ್ದೆ, ನಿಮ್ಮ ಅವ್ವ ಎಂಟನೆಯ ತರಗತಿಯಲ್ಲಿದ್ದಳು. "ಒಬ್ಬಾಕಿ ಹೆಣಮಗಳು, ಬೂಟು ಬ್ಯಾರೆ ಹಾಕ್ಕೊಂತಾಳ, ವಿಚಾರ ಮಾಡಿ ಖೋಲಿ ಕೊಡಬೇ" ಎಂದು ಓಣಿಯವರು ಹೇಳಿದರು. ವಿಚಾರ ಮಾಡಿದೆ. ಗಂಡಸರಿಲ್ಲದ ಮನೆಯ ಬಾಗಿಲಲ್ಲಿ ಒಂದು ಜೊತೆ ಬೂಟು ಇದ್ದರೆ ಒಳ್ಳೆಯದೇ ಅನಿಸಿತು. ಕೊಟ್ಟೆ.

ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಜಡೆಗೆ ಸೈಕಲ್ ಟ್ಯೂಬು ಕತ್ತರಿಸಿ ಮಾಡಿದ ರಬ್ಬರು. ಕೊರಳಲ್ಲಿ ಕಪ್ಪು ದಾರ, ದಾರದ ತುದಿಗೆ ಹಿತ್ತಾಳೆಯ ಸೀಟಿ. "ಗಂಡ ಏನು ಮಾಡತಾರ್ರಿ?" ಎಂದು ಹೊಸಬರು ಕೇಳಿದರೆ ಆ ಸೀಟಿ ಎತ್ತಿ ತೋರಿಸಿ, "ನನ್ನ ಮಾತು ಕೇಳೋದು ಇದೊಂದಾ" ಅನ್ನುತ್ತಿದ್ದರು. ರೊಟ್ಟಿಯನ್ನು ನಿಂತೇ ತಿನ್ನುತ್ತಿದ್ದರು. ಯಾವ ದೂರವನ್ನೂ ಶಾಲೆಯ ಮೈದಾನದ ಸುತ್ತಿನ ಲೆಕ್ಕದಲ್ಲೇ ಹೇಳುತ್ತಿದ್ದರು. ಹಿಟ್ಟಿನ ಗಿರಣಿ ಒಂದು ಸುತ್ತು, ಬಸ್‌ಸ್ಟ್ಯಾಂಡು ಮೂರು ಸುತ್ತು. ಬಾವಿಕಟ್ಟೆಯಲ್ಲಿ ಹೆಂಗಸರು ಹೊಲ ದೂರವಾಯಿತೆಂದು ಗೊಣಗಿದರೆ, "ಎಂಟು ಸುತ್ತು ಐತಿ ಅಷ್ಟಾ" ಎಂದು ನಗಿಸುತ್ತಿದ್ದರು.

ನಾನು ಯಾರಾದರೂ ಬಂದರೆ ಬಾಗಿಲ ಹಿಂದೆ ನಿಂತು ಮಾತಾಡುವವಳು. ಅದು ಅವರಿಗೆ ಸೇರುತ್ತಿರಲಿಲ್ಲ. "ನಿನ್ನ ದನಿ ಮೊದಲು ಹೊರಗ ಬರಲಿ ತಂಗಿ, ಆಮ್ಯಾಲ ನೀ ಬಾ" ಅನ್ನುತ್ತಿದ್ದರು. ಅವರ ಇನ್ನೊಂದು ಮಾತು: "ಕಾಲಿಗೆ ಕೇಳು, ಊರಿಗೆ ಕೇಳಬ್ಯಾಡ." ಹುಡುಗಿಯರು ಓಡಿ ಸುಸ್ತಾಗಿ ಕುಳಿತಾಗ ಹೇಳುತ್ತಿದ್ದ ಮಾತು ಇದು. ಅವರೇ ಅದನ್ನು ಪಾಲಿಸಬೇಕಾಗಿ ಬಂದ ಐದು ದಿನಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನೇ ಮೈಕಿನಲ್ಲಿ ಹೇಳಬೇಕೆಂದುಕೊಂಡಿದ್ದೆ.

ಅಕ್ಕೋರು ಶಾಲೆಯ ಹುಡುಗಿಯರಲ್ಲಿ ಐವರನ್ನು ಆರಿಸಿ, ಬೆಳಿಗ್ಗೆ ಕಾಲುವೆ ದಂಡೆಯ ಮೇಲೆ ಓಡಿಸುತ್ತಿದ್ದರು. ಅವರಲ್ಲಿ ನಿಮ್ಮ ಅವ್ವ ಒಬ್ಬಳು. ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವಳು ಹಿಟ್ಟಿನ ಗಿರಣಿಯ ಮನೆಯ ಮೊಮ್ಮಗಳು. ಐವರನ್ನೂ ಸಿಂಧನೂರಿನ ತಾಲ್ಲೂಕು ಓಟಕ್ಕೆ ಕರೆದೊಯ್ಯಬೇಕೆಂಬುದು ಅಕ್ಕೋರ ಆಸೆ. ಆದರೆ ಗಿರಣಿಯ ಬಾಗಿಲಲ್ಲಿ ಹಗ್ಗದ ಹೊರಸಿನ ಮೇಲೆ ಒಬ್ಬ ಮುದುಕಿ ಕೂತಿರುತ್ತಿದ್ದಳು, ಆ ಮನೆಯ ಹಿರಿಯಳು. ಎಲ್ಲರೂ ಗಿರಣಿ ಆಯಿ ಅನ್ನುತ್ತಿದ್ದರು. ಜೋಳ ಬೀಸಿಸಲು ಬಂದ ಹೆಂಗಸರೆಲ್ಲ ಅವಳ ಮಾತು ಕೇಳಿಕೊಂಡೇ ಮನೆಗೆ ಹೋಗಬೇಕು. ಆಯಿ ಬೇಡ ಅಂದರೆ ಊರು ಬೇಡ ಅಂದ ಹಾಗೆ.

ಒಂದು ಸೋಮವಾರ ನಾನು ಹಿಟ್ಟಿಗೆ ಹೋಗಿದ್ದಾಗ ಅಕ್ಕೋರು ಅಲ್ಲಿಗೇ ಬಂದರು.

"ಏನಬೇ ಅಕ್ಕೋರ," ಆಯಿ ಶುರು ಮಾಡಿದಳು, "ನಮ್ಮ ಹುಡುಗ್ಯಾರನ್ನ ಕುದುರಿ ಮಾಡಾಕ ಹೊಂಟೀಯಂತ? ಹೆಣ್ಣು ಹಿಂಗ ಜಿಗದಾಡಿದರ ಒಳಗಿಂದು ಜಾರತೈತಿ. ಕಾಲೊಂದು ಕೆಟ್ಟಿತೋ, ಕುಂಟಿನ ಯಾರು ಮನಿ ತುಂಬಿಸ್ಕೊಂತಾರ?"

"ಆಯಿ, ನಾ ಹದಿನಾಕು ವರ್ಷದಾಕಿ ಇದ್ದಾಗಿಂದ ಓಡಾಕತ್ತೀನಿ. ಏನೂ ಜಾರಿಲ್ರಿ."

"ಹಡದಿದ್ದರ ಗೊತ್ತಾಗ್ತಿತ್ತು ನಿನಗ."

ಬುಟ್ಟಿ ಹಿಡಿದು ನಿಂತ ಹೆಂಗಸರೆಲ್ಲ ನೆಲ ನೋಡಿದರು. ಅಕ್ಕೋರ ಮುಖ ಮಾತ್ರ ಬದಲಾಗಲಿಲ್ಲ.

"ಬರೋ ಐತವಾರ ಮಸ್ಕ್ಯಾಗ ಹೆಂಗಸರ ಓಟ ಐತಿ. ಐದು ಕಿಲೋಮೀಟರು. ನಾ ಓಡ್ತೀನಿ. ಓಡಿ, ಬಸ್ಸಿಳದು, ಯಾರ ಕೈನೂ ಹಿಡೀದ ಇದಾ ಬಾಗಿಲಿಗೆ ನಡಕೋಂತ ಬರ್ತೀನಿ. ಬಂದರ ಐದೂ ಹುಡುಗ್ಯಾರನ್ನ ಸಿಂಧನೂರಿಗೆ ಕಳಸಬೇಕು. ನನ್ನ ಕಾಲು ಕೆಟ್ಟರ ಯಾರೂ ಕಳಸಬ್ಯಾಡ್ರಿ, ನಾನೂ ಮತ್ತ ಕರಿಯಾಂಗಿಲ್ಲ."

"ಕೇಳಿದಿರೇನ್ರವಾ ಎಲ್ಲಾರೂ?" ಆಯಿ ಎಲೆ ಮಡಚಿ ಬಾಯಿಗೆ ಇಟ್ಟುಕೊಂಡಳು. "ಅಲ್ಲೀತನಕ ಹುಡುಗ್ಯಾರ ಓಟ ಬಂದ್."

ಮರುದಿನ ಮಂಗಳವಾರ. ನಸುಕಿನಲ್ಲಿ ಅಕ್ಕೋರು ಒಬ್ಬರೇ ಓಡಲು ಹೋದರು. ನಾನು ಅಂಗಳ ಸಾರಿಸುತ್ತಿದ್ದೆ. ಗೋಡೆ ಹಿಡಿದುಕೊಂಡು, ಒಂದೇ ಕಾಲ ಮೇಲೆ ಕುಪ್ಪಳಿಸುತ್ತ ಬಂದವರು ಬಾಗಿಲು ಹಾಕಿ ಅಲ್ಲೇ ಕುಸಿದು ಕುಳಿತರು. ಎಡಗಾಲಿನ ಹರಡು, ಪಾದದ ಕೀಲು, ಉಳುಕಿತ್ತು.

"ಯಾರೋ ದಂಡಿ ಕಡದು ಪೈಪು ಹಾಕ್ಯಾರ. ಕಾಣಬಾರದಂತ ತೋಡಿನ ಮ್ಯಾಲ ಹುಲ್ಲು ಮುಚ್ಚ್ಯಾರ. ಹುಲ್ಲಂತ ಕಾಲಿಟ್ಟೆ."

ನಮ್ಮ ಕಡೆ ಜನವರಿಯ ನಾಟಿಯಲ್ಲಿ ಇದು ಹೊಸದಲ್ಲ. ಪಾಳಿಯ ನೀರು ಸಾಲದವರು ರಾತ್ರೋರಾತ್ರಿ ದಂಡೆ ಕಡಿದು ಪೈಪು ಇಳಿಸಿ, ನೀರಾವರಿಯವರಿಗೆ ಕಾಣದಂತೆ ಹುಲ್ಲು ಹರಡುತ್ತಿದ್ದರು. ಬಿದ್ದ ಏಟಿಗೆ ಕೊರಳಿನ ದಾರ ಹರಿದು ಸೀಟಿಯೂ ಹೋಗಿತ್ತು. ಮಧ್ಯಾಹ್ನ ನಾನು ಹೋಗಿ ಹುಡುಕಿದೆ. ತೋಡು ಇತ್ತು, ಕೆದರಿದ ಹುಲ್ಲು ಇತ್ತು, ಸೀಟಿ ಸಿಗಲಿಲ್ಲ.

ಈಗ ನನ್ನ ತಪ್ಪು ಹೇಳಬೇಕು. ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಎಡಗಾಲಿನಿಂದ ಮುಟ್ಟಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ನಮ್ಮಲ್ಲಿ ನಂಬಿಕೆ. ಚಿಕ್ಕವಳಿದ್ದಾಗಿನಿಂದ ಸೊಂಟ ಹಿಡಿದವರೆಲ್ಲ ನಮ್ಮ ಮನೆಗೆ ಬಂದು ಬೋರಲು ಮಲಗುತ್ತಿದ್ದರು. ಗೌಡರು, ಸ್ವಾಮಿಗಳು ಎಲ್ಲರ ಬೆನ್ನ ಮೇಲೆ ನಾಚಿಕೊಂಡು ಕಾಲಿಟ್ಟಿದ್ದೇನೆ. ಅವತ್ತು ಗಾಬರಿಯಲ್ಲಿ, ಸೊಂಟಕ್ಕಾದದ್ದು ಹರಡಿಗೆ ಆಗುವುದಿಲ್ಲವೇ ಅನಿಸಿತು. ಬಿಸಿ ಎಣ್ಣೆ ಹಚ್ಚಿ ಗಸಗಸ ತಿಕ್ಕಿದೆ, ಬಿಸಿ ಮರಳಿನ ಗಂಟು ಒತ್ತಿದೆ, ಕೊನೆಗೆ ನನ್ನ ಎಡಗಾಲಿನಿಂದ ಮೂರು ಸಲ ತುಳಿದೆ. ಅಕ್ಕೋರು ಹಲ್ಲು ಕಚ್ಚಿ ತಡೆದುಕೊಂಡರು. ನನ್ನ ನಂಬಿಕೆಗೆ ನೋವಾಗಬಾರದೆಂದೋ ಏನೋ. ಶಾಲೆಯ ಹೊತ್ತಿಗೆ ಹರಡು ಗುಂಡು ಬದನೆಕಾಯಿಯಂತೆ ಊದಿಕೊಂಡಿತು.

ನಾನು ಅಳತೊಡಗಿದೆ.

"ಅಳಬ್ಯಾಡ," ಅಂದರು. "ಬಿಸಿ ತಾಗಿಸಬಾರದು ಅಂತ ನನಗ ಗೊತ್ತಿತ್ತು. ಹುಡುಗ್ಯಾರಿಗೆ ನಾನಾ ಹೇಳಿಕೊಡ್ತೀನಿ. ನನ್ನ ಕಾಲಿಗೆ ಬಂದಾಗ ಬುದ್ಧಿ ಹೋತು. ತಣ್ಣೀರು ತಾ. ಮತ್ತ ಈ ಮಾತು ಈ ಬಾಗಿಲು ದಾಟಬಾರದು."

ಅವತ್ತಿನಿಂದ ಮನೆಯಲ್ಲಿ ಕಳ್ಳಾಟ ಶುರುವಾಯಿತು. ಕಾಲು ಅಕ್ಕಿಚೀಲದ ಮೇಲೆ, ಹರಡಿನ ಮೇಲೆ ಒದ್ದೆ ಬಟ್ಟೆ. ಶಾಲೆಗೆ ಹೋಗಲೇಬೇಕು, ಕುಂಟಿದರೆ ಊರು ನೋಡುತ್ತದೆ. ನಿಮ್ಮ ಅವ್ವನಿಗೆ ಶಾಲೆಯಿಂದ ಬಂದಿದ್ದ ಸೈಕಲ್ಲನ್ನು ಅಕ್ಕೋರು ಇಸಿದುಕೊಂಡರು. ಸೈಕಲ್ಲಿನ ಮೇಲಿದ್ದವರು ಕುಂಟುವುದಿಲ್ಲವಲ್ಲ! ಬಲಗಾಲಿನಿಂದ ತುಳಿಯುತ್ತ ನೇರ ಧ್ವಜದ ಕಟ್ಟೆಯ ತನಕ ಹೋಗಿ, ಕಟ್ಟೆಯ ಮೇಲೆ ಕುಳಿತು, ಸೀಟಿ ಇಲ್ಲದ್ದಕ್ಕೆ ಚಪ್ಪಾಳೆ ತಟ್ಟಿ ಡ್ರಿಲ್ ಮಾಡಿಸುತ್ತಿದ್ದರು. "ಓಟದ ಅಕ್ಕೋರಿಗೆ ಈಗ ನಡ್ಯಾಕೂ ಬ್ಯಾಸರ ನೋಡ" ಎಂದು ಓಣಿಯವರು ನಕ್ಕರು. ನಗಲಿ ಎಂದು ನಾನೂ ನಕ್ಕೆ.

ಹರಡಿನ ಮೇಲಿಡಲು ಬರ್ಫ, ಅಂದರೆ ಐಸು, ತರುವ ಕೆಲಸ ನನ್ನದಾಯಿತು. ಸೋಡಾ ಅಂಗಡಿಯ ಚಾಚಾನ ಹತ್ತಿರ ಒಂದು ಫ್ರಿಜ್ಜು ಇತ್ತು. ಅಂಗಡಿಯಲ್ಲಿ ಗಂಡಸರಿಲ್ಲದ ಹೊತ್ತು ನೋಡಿ ಹೋದೆ.

"ಈ ಥಂಡ್ಯಾಗ ಬರ್ಫ ಯಾಕಮ್ಮಾ?"

"ಮಜ್ಜಿಗಿಗಿ," ಅಂದೆ. ಬೇರೇನೂ ಹೊಳೆಯಲಿಲ್ಲ.

"ಮಜ್ಜಿಗಿಗಿ?" ಚಾಚಾ ತನ್ನ ಕೊರಳಿನ ಮಫ್ಲರ್ ಸರಿಮಾಡಿಕೊಂಡು ನನ್ನನ್ನು ನೋಡಿದ. ಬರ್ಫ ಕಟ್ಟಿ ಕೊಟ್ಟ. ಬುಧವಾರ ಎರಡು ಸಲ ಹೋದೆ. ಗುರುವಾರ ನಾನು ಬಾಯಿ ತೆರೆಯುವ ಮೊದಲೇ ಬರ್ಫದ ಗಂಟು ಕೈಗಿಟ್ಟು, ಗಲ್ಲಾದ ಕೆಳಗಿನಿಂದ ರಬ್ಬರಿನ ಪಟ್ಟಿಯ ಒಂದು ಸುರುಳಿ ತೆಗೆದ. ಅವನ ಮೊಳಕಾಲಿಗೆ ಕಟ್ಟಿಕೊಳ್ಳುವ ಪಟ್ಟಿ ಅದು.

"ನಿಮ್ಮ ಮಜ್ಜಿಗಿಗಿ ಬರ್ಫ ಒಂದಾ ಸಾಲದಮ್ಮ. ಇದನ್ನ ಸುತ್ತರಿ. ಭಾಳ ಬಿಗೀಬ್ಯಾಡರಿ, ಕಾಲಿನ ಬಟ್ಟು ನೀಲಿ ಆಗತಾವ."

ನಾನು ನಾಚಿ ಓಡಿ ಬಂದೆ. ಚಾಚಾ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅವನನ್ನೂ ನೆನೆಯಬೇಕು.

ಅದೇ ಗುರುವಾರ ಅಕ್ಕೋರು ಮೀಟಿಂಗು ಎಂದು ಹೇಳಿ ಸಿಂಧನೂರಿನ ಡಾಕ್ಟರ ಹತ್ತಿರ ಹೋದರು. ಎಲುಬು ಮುರಿದಿಲ್ಲ, ನರ ಜಗ್ಗಿದೆ, ಎರಡು ವಾರ ಓಡಬೇಡಿ, ಮೆಲ್ಲಗೆ ನಡೆಯಬಹುದು ಎಂದರಂತೆ ಡಾಕ್ಟರು.

ಆ ಸಂಜೆ ನಾನು ಧೈರ್ಯ ಮಾಡಿ ಹೇಳಿದೆ. "ಬ್ಯಾಡ್ರಿ ಅಕ್ಕೋರ. ಆಯಿಗೆ ನಿಜಾ ಹೇಳಿಬಿಡೂಣು. ದಂಡಿ ಕಡದವರ ತಪ್ಪು, ನಿಮ್ಮದೇನೈತಿ?"

"ತಪ್ಪು ಯಾರದಂತ ಊರು ಕೇಳಾಂಗಿಲ್ಲ. ಓಡಿದಳು, ಕಾಲು ಕೆಟ್ಟಿತು, ಅಷ್ಟಾ ಕೇಳತೈತಿ. ನಾಳಿಂದ ಐದೂ ಹುಡುಗ್ಯಾರು ಮನ್ಯಾಗ." ಹರಡಿನ ಮೇಲಿನ ಒದ್ದೆ ಬಟ್ಟೆ ಮಗುಚಿ ಹಾಕಿದರು. "ಆದರ ಡಾಕ್ಟರ ಮಾತು ಪೂರ್ತಿ ಮೀರಾಂಗಿಲ್ಲ. ಕಾಲಿಗೆ ಕೇಳ್ತೀನಿ. ಅದು ಒಲ್ಲೆ ಅಂದರ ನಾನಾ ಹೋಗಿ ಆಯಿಗೆ ಸೋತೆ ಅಂತೀನಿ."

ಕಾಲಿಗೆ ಕೇಳುವುದು ಹೇಗೆ ಗೊತ್ತೇ? ಹೊರಸಿನ ಮೇಲೆ ಕಾಲು ಚಾಚಿ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯುತ್ತಿದ್ದರು. ಅ ಆ ಇ ಈ. ಮೊಳಕಾಲು ಅಲುಗಬಾರದು, ಹರಡು ಮಾತ್ರ ತಿರುಗಬೇಕು. ಬುಧವಾರ 'ಈ' ಬರೆಯುವುದರೊಳಗೆ ಕಣ್ಣಲ್ಲಿ ನೀರು ಬಂದಿತ್ತು. ಗುರುವಾರ ಋ ದಾಟಲಿಲ್ಲ. ಶುಕ್ರವಾರ ಐ ತನಕ ಬಂದು ನಿಂತಿತು. "ಶನಿವಾರ ಸಂಜಿ ಒಳಗ ಅಃ ಬರಬೇಕು," ಅಂದರು. "ಅಂ ಬಂದು ಅಃ ಬರದಿದ್ದರೂ ಓಡಾಂಗಿಲ್ಲ. ನೀನಾ ಸಾಕ್ಷಿ."

ನಿಮ್ಮ ಅವ್ವ ಪಕ್ಕದಲ್ಲಿ ಕುಳಿತು, "ಅಕ್ಕೋರ, ನಿಮ್ಮ ಅಕ್ಷರ ಭಾಳ ಕೆಟ್ಟಾಗೈತ್ರಿ" ಅಂದಳು. "ನಿನ್ನ ಕೈ ಅಕ್ಷರಕ್ಕಿಂತ ನನ್ನ ಕಾಲಕ್ಷರ ಛಲೋ ಐತಿ ಹೋಗಲೇ" ಎಂದು ಬೈಸಿಕೊಂಡಳು.

ಶನಿವಾರ ನಾನು ಕೆಲಸದಿಂದ ಬೇಗ ಬಂದೆ. ಔ ಬರೆಯುವಾಗ ಹಣೆಯಲ್ಲಿ ಬೆವರು ಮೂಡಿತು. ಅಂ ಬಂತು. ಅಃದ ಎರಡು ಸೊನ್ನೆಗಳನ್ನು ಅವರು ಎಷ್ಟು ನಿಧಾನವಾಗಿ ಸುತ್ತಿದರೆಂದರೆ, ನನ್ನ ಕಾಲಿನ ಬೆರಳೂ ನನಗೆ ತಿಳಿಯದೆ ಸುತ್ತುತ್ತಿತ್ತು. ಬಂತು.

"ಬಂತು ಹೌದಿಲ್ಲೋ?"

"ಬಂತ್ರಿ."

"ಆದರ ಈ ಕಾಲು ಗೆಲ್ಲೋ ಕಾಲಲ್ಲ," ಅಂದರು. "ನೂರು ಹೆಜ್ಜಿ ಓಡೋದು, ಐವತ್ತು ಹೆಜ್ಜಿ ನಡ್ಯೋದು. ಮುಗಸೋದು ಬ್ಯಾರೆ, ಗೆಲ್ಲೋದು ಬ್ಯಾರೆ. ಇಷ್ಟು ವರ್ಷ ಎರಡೂ ಒಂದಾ ಅಂದ್ಕೊಂಡಿದ್ದೆ." ಓಡಿದಲ್ಲೆಲ್ಲ ಗೆದ್ದವರು ಅವರು. ಪೆಟ್ಟಿಗೆಯ ತಳದಲ್ಲಿ ಎಷ್ಟೋ ಪದಕಗಳಿದ್ದವು. ನೋವಿಗಿಂತ ಅದೇ ಅವರಿಗೆ ಕಷ್ಟವಾಗಿತ್ತೆಂದು ನನಗೆ ಅವತ್ತು ತಿಳಿಯಿತು.

ಐತವಾರ ಅಕ್ಕೋರು ಬಸ್ಸಿನಲ್ಲಿ ಮೊದಲೇ ಹೋದರು. ಗಿರಣಿಯವರ ಟೆಂಪೋದಲ್ಲಿ ಐವರು ಹುಡುಗಿಯರು, ನಾನು, ಮತ್ತೆ ಡ್ರೈವರನ ಪಕ್ಕ ಆಯಿ. ಮಸ್ಕಿಯಲ್ಲಿ ಗುಡ್ಡದ ಕಡೆ ಹೋಗಿ ತಿರುಗಿ ಬರುವ ಓಟ. ಅಕ್ಕೋರು ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದರು. ಎಡಗಾಲಿನ ಬೂಟಿನೊಳಗೆ ಚಾಚಾನ ಪಟ್ಟಿ ಇದ್ದದ್ದು ನನಗೂ ನಿಮ್ಮ ಅವ್ವನಿಗೂ ಮಾತ್ರ ಗೊತ್ತು. ಎಲ್ಲರೂ ಒಮ್ಮೆಗೇ ಹೊರಟರು, ಅಕ್ಕೋರು ಹಿಂದೆ ಬಿದ್ದರು.

ಮೊದಲು ಕಾಲೇಜಿನ ಹುಡುಗಿಯರು ಬಂದರು. ಆಮೇಲೆ ನರ್ಸಮ್ಮಂದಿರು ಬಂದರು. ಆಮೇಲೆ ನಗುತ್ತ, ಮಾತಾಡುತ್ತ ನಡೆದು ಬಂದ ಹೆಂಗಸರು. ಅಕ್ಕೋರು ಇಲ್ಲ. ಬಹುಮಾನ ಕೊಟ್ಟಾಯಿತು. ಹಗ್ಗ ಸುತ್ತತೊಡಗಿದರು. ಬ್ಯಾನರಿನ ಒಂದು ತುದಿ ಬಿಚ್ಚಿ ನೆಲಕ್ಕೆ ಜೋತುಬಿತ್ತು. ಗಿರಣಿಯ ಮೊಮ್ಮಗಳು ಉಗುರು ಕಚ್ಚುತ್ತ ನನ್ನ ಸೆರಗು ಹಿಡಿದುಕೊಂಡಿದ್ದಳು.

"ಎಲ್ಲೈತವಾ ನಿಮ್ಮ ಕುದುರಿ?" ಅಂದಳು ಆಯಿ.

ಆಗ ದೂರದ ತಿರುವಿನಲ್ಲಿ ಅಕ್ಕೋರು ಕಂಡರು. ನಡೆಯುತ್ತಿದ್ದರು. ಐವತ್ತು ಹೆಜ್ಜೆ ಮುಗಿದಿರಬೇಕು, ಓಡತೊಡಗಿದರು. ಮತ್ತೆ ನಡೆದರು. ಹಗ್ಗ ಸುತ್ತುತ್ತಿದ್ದವನು, "ಅಕ್ಕೋರ, ಮುಗೀತ್ರಿ, ಆರಾಮ ಬರ್ರಿ" ಎಂದು ಕೂಗಿ ಹೇಳಿದ. ಅವರು ಇನ್ನೂ ಅರ್ಧ ಸುತ್ತಿನಷ್ಟು ದೂರದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟರು.

ನನಗೆ ಏನಾಯಿತೋ ಗೊತ್ತಿಲ್ಲ. ನನ್ನ ಗಂಡ ಸತ್ತಾಗಲೂ ನಾನು ದನಿಯೆತ್ತಿ ಅತ್ತವಳಲ್ಲ. ಅವತ್ತು ಅಷ್ಟು ಜನರ ನಡುವೆ ರಸ್ತೆಗಿಳಿದು ಕೂಗಿದೆ.

"ಅಂ ಆತ್ರೀ ಅಕ್ಕೋರ! ಇನ್ನ ಅಃ ಒಂದಾ!"

ಮಸ್ಕಿಯವರಿಗೆ ಏನೂ ತಿಳಿಯಲಿಲ್ಲ. ನಿಮ್ಮ ಅವ್ವನಿಗೆ ತಿಳಿಯಿತು. "ಅಃ! ಅಃ!" ಎಂದು ಅವಳೂ ಕೂಗಿದಳು. ಉಳಿದ ನಾಲ್ವರು ತಿಳಿಯದಿದ್ದರೂ ಕೂಗಿದರು. ಅಕ್ಕೋರು ನಕ್ಕದ್ದು ಅಷ್ಟು ದೂರದಿಂದಲೂ ಕಾಣಿಸಿತು. ಓಡಿದರು. ಜೋತುಬಿದ್ದ ಬ್ಯಾನರಿನ ಕೆಳಗೆ ಎಲ್ಲರಿಗಿಂತ ಕಡೆಯವರಾಗಿ ದಾಟಿದರು.

ಟೆಂಪೋದಲ್ಲಿ ಬರಲು ಕರೆದರೆ ಒಲ್ಲೆ ಅಂದರು. ಬಸ್ಸಿಳಿದು ನಡೆದು ಬರುತ್ತೇನೆಂದು ಮಾತು ಕೊಟ್ಟಿದ್ದರಲ್ಲ. ನಾನು ಅವರ ಜೊತೆ ಬಸ್ಸು ಹತ್ತಿದೆ. ತುರ್ವಿಹಾಳದ ಬಸ್‌ಸ್ಟ್ಯಾಂಡಿನಿಂದ ಗಿರಣಿಗೆ ಅವರ ಲೆಕ್ಕದಲ್ಲಿ ಎರಡು ಸುತ್ತು. ಓಣಿಯ ಬಾಗಿಲುಗಳಲ್ಲೆಲ್ಲ ಜನ. ಅಕ್ಕೋರು ನನ್ನ ಕೈಯನ್ನೂ ಹಿಡಿಯದೆ ನಡೆದರು. ಎಡಗಾಲು ನೆಟ್ಟಗೆ ಬೀಳುವಂತೆ ಹೆಜ್ಜೆಹೆಜ್ಜೆಗೂ ಬಾಯಿಯೊಳಗೇ ಏನೋ ಎಣಿಸುತ್ತಿದ್ದರು.

ಆಯಿ ಆಗಲೇ ಹೊರಸಿನ ಮೇಲೆ ಬಂದು ಕುಳಿತಿದ್ದಳು. ಗಿರಣಿಯ ಮುಂದೆ ಹೆಂಗಸರು ತುಂಬಿದ್ದರು. ಗೆದ್ದೆವು ಎಂದು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅಕ್ಕೋರು ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚಿದರು, ಪಟ್ಟಿ ಬಿಚ್ಚಿದರು. ನೀಲಿಗಟ್ಟಿದ ಹರಡನ್ನು ಎಲ್ಲರ ಮುಂದೆ ಚಾಚಿದರು.

"ಆಯಿ, ಮಂಗಳವಾರಾನಾ ಕಾಲು ಉಳಕಿತ್ತು. ಐದು ದಿನ ನಿಮ್ಮಿಂದ ಮುಚ್ಚಿಟ್ಟೀನಿ. ಸುಳ್ಳಿನ ಮ್ಯಾಲ ಹುಡುಗ್ಯಾರನ್ನ ಓಡಸಾಂಗಿಲ್ಲ. ಈಗ ನೀವು ಹೇಳಿದಂಗ."

ಐದು ದಿನದ ಬರ್ಫ, ಅಃ ತನಕದ ಅಕ್ಷರ ಎಲ್ಲವೂ ನೀರಲ್ಲಿ ಹೋಯಿತು ಅಂದುಕೊಂಡೆ.

ಆಯಿ ಮುಂದೆ ಬಾಗಿ ಹರಡು ನೋಡಿದಳು. ಸೊಂಟದ ಎಲೆಸಂಚಿ ಬಿಚ್ಚಿದಳು. ಅಡಿಕೆ ಸರಿಸಿದಳು, ಸುಣ್ಣದ ಡಬ್ಬಿ ಸರಿಸಿದಳು. ಹರಿದ ಕಪ್ಪು ದಾರದ ಸಮೇತ ಹಿತ್ತಾಳೆಯ ಸೀಟಿ ಹೊರಗೆ ತೆಗೆದಳು.

"ಮಂಗಳವಾರಾನಾ ಸಿಕ್ಕಿತ್ತು," ಅಂದಳು. "ತೋಡಿನ್ಯಾಗ. ಆ ತೋಡು ತೋಡಿದವ ನನ್ನ ಮಗನಾ ಅದಾನ, ಅವನಾ ತಂದು ಕೊಟ್ಟ. ನಾ ಬಾಯಿ ಬಿಟ್ಟಿದ್ದರ ನಮ್ಮ ಪೈಪು ಹೊರಗ ಬರ್ತಿತ್ತು. ನೀ ಬಾಯಿ ಬಿಟ್ಟಿದ್ದರ ನಿನ್ನ ಕಾಲು ಹೊರಗ ಬರ್ತಿತ್ತು. ಇಬ್ಬರೂ ಸುಮ್ಮನಾದ್ವಿ. ಹೆಂಗ ಸೈಕಲ್ ಹೊಡಿಯಾಕತ್ತಾಳಂತ ದಿನಾ ನೋಡಾಕತ್ತಿದ್ದೆ."

ಒಳಗೆ ಬೀಸುತ್ತಿದ್ದ ಗಿರಣಿಯನ್ನು ಯಾರೋ ನಿಲ್ಲಿಸಿದರು.

"ಮೊದಲು ಬಾಯಿ ಬಿಟ್ಟಾಕಿ ನೀನು," ಆಯಿ ಸೀಟಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ನಾಳಿಂದ ಹುಡುಗ್ಯಾರು ಬರ್ತಾರ. ದಂಡಿ ಮ್ಯಾಲಾ ಓಡಸು. ತೋಡು ಮುಚ್ಚಸ್ತೀನಿ."

ಅಕ್ಕೋರು ಎರಡು ವಾರ ಕಟ್ಟೆಯ ಮೇಲೆ ಕುಳಿತೇ ಸೀಟಿ ಊದಿದರು. ಡಾಕ್ಟರ ಲೆಕ್ಕ ತಪ್ಪಿಸಲಿಲ್ಲ. ಸಿಂಧನೂರಿನಲ್ಲಿ ಗಿರಣಿಯ ಹುಡುಗಿ ಎರಡನೆಯವಳಾಗಿ ಬಂದಳು. ನಿಮ್ಮ ಅವ್ವ ಎಷ್ಟನೆಯವಳೆಂದು ಅವಳನ್ನೇ ಕೇಳಿ, ನಾನು ಹೇಳುವುದಿಲ್ಲ. ಆದರೆ ಓಡಿದಳು. ಆಮೇಲೆ ಅಕ್ಕೋರಿಗೆ ಮಸ್ಕಿಗೆ ವರ್ಗವಾಯಿತು, ಅಲ್ಲಿಂದ ಲಿಂಗಸುಗೂರಿಗೆ, ಕಡೆಗೆ ಸಿಂಧನೂರಿಗೆ. ಹೋದಲ್ಲೆಲ್ಲ ಹುಡುಗಿಯರನ್ನು ಓಡಿಸಿದ ಸುದ್ದಿ ಬರುತ್ತಿತ್ತು. ಸೊಂಟ ಹಿಡಿದವರು ಈಗಲೂ ನನ್ನ ಹತ್ತಿರ ಬರುತ್ತಾರೆ. ಹರಡು ಉಳುಕಿದವರು ಬಂದರೆ ಬರ್ಫ ಹಚ್ಚಿ ಎಂದು ಕಳಿಸುತ್ತೇನೆ.

ಬೀಳ್ಕೊಡುಗೆಯ ದಿನ ಊಟದ ಹೊತ್ತಿಗೆ ಅಕ್ಕೋರು ನನ್ನನ್ನು ಹುಡುಕಿಕೊಂಡು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿದೆ, ಕಟ್ಟಿದ್ದು ಮಾತ್ರ ಅದೇ ಟ್ಯೂಬಿನ ರಬ್ಬರು. ತಟ್ಟೆ ಹಿಡಿದು ನಿಂತೇ ತಿನ್ನುತ್ತಿದ್ದರು. ನಾನು ತಲೆ ತಗ್ಗಿಸಿ, "ಮೈಕಿನ್ಯಾಗ ಏನೂ ಹೇಳಾಕ ಆಗಲಿಲ್ರಿ ಅಕ್ಕೋರ, ತಪ್ಪಾತು" ಅಂದೆ.

"ಎಷ್ಟು ಸಲ ಹೇಳತೀಬೇ?" ಅಂದರು. "ಮಸ್ಕ್ಯಾಗ ಹೇಳಿದೀಯಲ್ಲ."